ತಾಯಿಯ ಚಿನ್ನ ಹಿಡಿದು ಮಗನನ್ನ ಅಳೀಬೇಡಿ

ಚಿಕ್ಕಪ್ಪ: (ಫಾರ್ವರ್ಡ್) ಜರ್ಮನಿಯ ಸ್ಕೀಯಿಂಗ್ (ಹಿಮದ ಇಳಿಜಾರಿನಲ್ಲಿ ಜಾರುವ ಆಟ) ಆಟಗಾರ್ತಿ, ತಾಯಿ ರೋಸಿ ಮಿಟರ್‌ಮೇಯರ್‌ಗೆ 1976ರ ಇನ್ಸ್‌ಬ್ರುಕ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ, ಒಂದು ಬೆಳ್ಳಿ. ಅದೇ ಆಟ ಆಡಿದ ಮಗ ಫೆಲಿಕ್ಸ್ ನಾಯ್‌ರಾಯ್ಟರ್‌ಗೆ ಸೊನ್ನೆ. ಹೆಸರಿದ್ದರೆ ಸಾಲದು, ಛಲ ಬೇಕು.
ಮಕ್ಕಳಿಗೆಲ್ಲ ಓದಿಸಿ.

ಅಕ್ಕ, ಮ್ಯೂನಿಕ್: ಚಿಕ್ಕಪ್ಪ, ಇದು ಅನ್ಯಾಯ. ವಿಶ್ವಕಪ್‌ನಲ್ಲಿ, ಅಂದ್ರೆ ಪ್ರತಿ ವರ್ಷ ನಡೆಯೋ ರೇಸ್‌ಗಳ ಸರಣಿಯಲ್ಲಿ, 13 ರೇಸ್ ಗೆದ್ದಿದ್ದಾನೆ, ಅದ್ರಲ್ಲಿ 11 ಸ್ಲಾಲೊಮ್. ಅವರಪ್ಪ 1979ರಲ್ಲಿ ಗೆದ್ದ ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್‌ನಲ್ಲೇ 2010ರಲ್ಲಿ ಇವನ ಮೊದಲ ಗೆಲುವು.

ಚಿಕ್ಕಪ್ಪ: ಜರ್ಮನಿಯ ಇನ್ನೊಬ್ಬ ಸ್ಕೀ ಆಟಗಾರ ವಾಸ್ಮೈಯರ್ ವಿಶ್ವಕಪ್‌ನಲ್ಲಿ ಗೆದ್ದಿದ್ದು 9 ಅಷ್ಟೇ ಕಣಮ್ಮಾ. ಆದ್ರೆ 1994ರ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ತಂದ. ಜನ ನೆನಪಿಡೋದು ಅದನ್ನೇ.

ಭಾವ: ಸ್ಲಾಲೊಮ್ ಅಂದ್ರೆ ಕಂಬಗಳ ನಡುವೆ ತಿರುಗ್ತಾ ಇಳಿಯೋದು ತಾನೆ?

ಅಕ್ಕ, ಮ್ಯೂನಿಕ್: ಹೌದು ರೀ. ಸುಮಾರು ಒಂದು ನಿಮಿಷದ ಇಳಿತ, ಎರಡು ಸಲ. ಎರಡನೇ ಸಲಕ್ಕೆ ಗೇಟುಗಳನ್ನ, ಅಂದ್ರೆ ಆ ಕಂಬಗಳನ್ನ, ಬೇರೆ ಥರ ನೆಟ್ಟಿರ್ತಾರೆ. ಒಂದು ಸ್ಕೀ ತುದಿ ಕಂಬದ ತಪ್ಪು ಬದಿಗೆ ಹೋದ್ರೆ ಮುಗೀತು. ಇಂಥ ಆಟಗಾರನನ್ನ ನಾಲ್ಕು ವರ್ಷಕ್ಕೊಮ್ಮೆ ಬರೋ ಒಂದು ದಿನದಿಂದ ಅಳೀತೀರಾ?

ಚಿಕ್ಕಪ್ಪ: ಒಲಿಂಪಿಕ್ಸ್ ಬಿಡು. ವರ್ಷದ ವಿಶ್ವಕಪ್ ಸ್ಲಾಲೊಮ್‌ಗಳಲ್ಲಿ ಒಟ್ಟು ಮೊದಲ ಸ್ಥಾನ ಬಂದವನಿಗೆ ಕೊಡೋ ಸ್ಲಾಲೊಮ್ ಗ್ಲೋಬ್ ಎಲ್ಲಿ? 2013, 14, 15, ಮೂರು ವರ್ಷವೂ ಎರಡನೇ ಸ್ಥಾನ.

ಅಕ್ಕ, ಮ್ಯೂನಿಕ್: ಮುಂದೆ ಇದ್ದಿದ್ದು ಯಾರು ಹೇಳಿ? ಆಸ್ಟ್ರಿಯಾದ ಹಿರ್ಷರ್! ಸತತ 8 ವರ್ಷ ಒಟ್ಟಾರೆ ವಿಶ್ವಕಪ್ ಗೆದ್ದವನು. ಅಂಥವನ ಕಾಲದಲ್ಲಿ ಪೈಪೋಟಿ ಕೊಟ್ಟವನಿಗೆ ಛಲ ಇಲ್ಲ ಅಂತೀರಲ್ಲ.

ನಾನು: 2014ರ ಸೋಚಿ ಒಲಿಂಪಿಕ್ಸ್ ಕಥೆನೂ ಹೇಳಕ್ಕ.

ಅಕ್ಕ, ಮ್ಯೂನಿಕ್: 2014ರ ಜನವರಿಯಲ್ಲಿ ಸ್ವಿಟ್ಜರ್ಲೆಂಡ್‌ನ ಆಡೆಲ್‌ಬೋಡೆನ್‌ನಲ್ಲಿ ವಿಶ್ವಕಪ್ ಜೈಂಟ್ ಸ್ಲಾಲೊಮ್ ಗೆದ್ದ, ಅದ್ರಲ್ಲಿ ಗೇಟುಗಳು ಇನ್ನೂ ದೂರ ದೂರ ಇರ್ತವೆ. 1973ರ ನಂತರ ಜರ್ಮನಿಯ ಗಂಡಸರಲ್ಲಿ ಯಾರೂ ವಿಶ್ವಕಪ್‌ನಲ್ಲಿ ಜೈಂಟ್ ಸ್ಲಾಲೊಮ್ ಗೆದ್ದಿರಲಿಲ್ಲ. ಅದೇ ತಿಂಗಳು ಕಿಟ್ಸ್‌ಬ್ಯೂಲ್ ಮತ್ತೆ ಗೆದ್ದ. ಅಂಥಾ ಫಾರ್ಮ್‌ನಲ್ಲಿ ಸೋಚಿಗೆ ಹೊರಟವನ ಕಾರು ಮ್ಯೂನಿಕ್ ವಿಮಾನ ನಿಲ್ದಾಣದ ದಾರೀಲಿ ಜಾರಿ ತಡೆಗೋಡೆಗೆ ಬಡೀತು, ಕುತ್ತಿಗೆಗೆ ಪೆಟ್ಟು. ಆದ್ರೂ ಹೋಗಿ ಜೈಂಟ್ ಸ್ಲಾಲೊಮ್‌ನಲ್ಲಿ 8ನೆಯವನಾದ. ಸ್ಲಾಲೊಮ್ ಪೂರ್ತಿ ಮಾಡಕ್ಕಾಗ್ಲಿಲ್ಲ.

ಭಾವ: 2018ರಲ್ಲಿ?

ಅಕ್ಕ, ಮ್ಯೂನಿಕ್: 2017ರ ನವೆಂಬರ್‌ನಲ್ಲಿ ಫಿನ್‌ಲೆಂಡ್‌ನ ಲೆವಿಯಲ್ಲಿ ಗೆದ್ದ. ಅದೇ ತಿಂಗಳು ಅಭ್ಯಾಸ ಮಾಡುವಾಗ ಮೊಣಕಾಲಿನ ಲಿಗಮೆಂಟ್ ಹರೀತು, ಒಲಿಂಪಿಕ್ಸ್ ಕೈತಪ್ಪಿತು. ವಾಪಸ್ ಬಂದು 2019ರ ಮಾರ್ಚ್‌ವರೆಗೂ ಆಡಿದ. ವಿಶ್ವ ಚಾಂಪಿಯನ್‌ಶಿಪ್ ಸ್ಲಾಲೊಮ್‌ನಲ್ಲಿ 2013ರಲ್ಲಿ ಬೆಳ್ಳಿ, 2015 ಮತ್ತು 2017ರಲ್ಲಿ ಕಂಚು. ಫಾರ್ವರ್ಡ್ ಬರೆದವರು ಇದನ್ನೆಲ್ಲ ನುಂಗಿ ಹಾಕಿದ್ದಾರೆ.

ಚಿಕ್ಕಪ್ಪ: ಸೊನ್ನೆ ಅನ್ನೋದು ಸುಳ್ಳಲ್ಲ. ಆದ್ರೆ ಆ ಛಲದ ಸಾಲು ತಪ್ಪು, ಒಪ್ಕೋತೀನಿ. ನನ್ನ ವೋಟು ಮಾತ್ರ ಈಗ್ಲೂ ವಾಸ್ಮೈಯರ್‌ಗೇ.

ಅಕ್ಕ, ಮ್ಯೂನಿಕ್: ಆಡೆಲ್‌ಬೋಡೆನ್ ವಿಡಿಯೋ ಕಳಿಸ್ತೀನಿ. ಎರಡನೇ ಇಳಿತ ಪೂರ್ತಿ ನೋಡಿ, ನಾಳೆ ಮಾತಾಡೋಣ.