ಸಂಜೆಯಾದರೆ ‘ಮನೆಗೆ ಹೋಗಬೇಕು’ ಅಂತಾರೆ ಅಪ್ಪ, ಅಲ್ಝೈಮರ್ ನೋಡಿಕೊಂಡವರು ಹೇಳಿ

ಮೂಡಿಗೆರೆಯಿಂದ: ಅಪ್ಪನಿಗೆ ಅಲ್ಝೈಮರ್ ಅಂದಿದ್ದಾರೆ ಡಾಕ್ಟರ್. ತಿಂಡಿ ತಿಂದು ಮತ್ತೆ ತಿಂಡಿ ಕೇಳುತ್ತಾರೆ. ಸಂಜೆಯಾದರೆ ಮನೆಗೆ ಹೋಗಬೇಕು ಅಂತ ತೋಟದ ಕಡೆ ಹೊರಡುತ್ತಾರೆ, ಹುಟ್ಟಿ ಬೆಳೆದಿದ್ದೇ ಈ ಮನೆಯಲ್ಲಿ! ಮಾತ್ರೆಗೆ ವಾಸಿ ಆಗುತ್ತಾ?

ಹಾಸನದಿಂದ: ನಮ್ಮ ಅತ್ತೆಗೆ ಇದೇ ಇತ್ತು, ನಾನೇ ನೋಡಿಕೊಂಡೆ. ‘ಈಗ ತಾನೇ ತಿಂದ್ರಲ್ಲ’ ಅಂತ ವಾದ ಮಾಡಬೇಡಿ ಅಣ್ಣ. ಹೊಸ ನೆನಪು ಕೂಡಿಡೋಕೆ ಮೆದುಳಿನಲ್ಲಿ ಹಿಪೊಕ್ಯಾಂಪಸ್ ಅಂತ ಒಂದು ಭಾಗ ಇದೆ, ಈ ಕಾಯಿಲೆ ಸಾಮಾನ್ಯವಾಗಿ ಮೊದಲು ಹಾಳು ಮಾಡೋದು ಅದರ ಸುತ್ತಮುತ್ತಲೇ. ಅಮಿಲಾಯ್ಡ್ ಅನ್ನೋ ಪ್ರೋಟೀನು ನರಕೋಶಗಳ ಹೊರಗೆ ಕಟ್ಟಿಕೊಳ್ಳುತ್ತದೆ, ಟೌ ಅನ್ನೋದು ಒಳಗೆ ಸಿಕ್ಕಾಗುತ್ತದೆ, ಕೋಶಗಳು ಸಾಯುತ್ತಾ ಮೆದುಳೇ ಕುಗ್ಗುತ್ತದೆ. ಹಾಗಾಗಿ ಬೆಳಗಿನ ತಿಂಡಿ ಅವರ ನೆನಪಿನಲ್ಲಿ ಕೂತೇ ಇಲ್ಲ. ಹಳೇ ಕಾಲದ ಕಾಫಿ ರೇಟು ಪಟಪಟ ಹೇಳಿಯಾರು. ಅದು ಹಠ ಅಲ್ಲ, ನಾಟಕವಂತೂ ಅಲ್ಲವೇ ಅಲ್ಲ. ‘ಆಗ್ತಾ ಇದೆ ಅಪ್ಪ’ ಅಂತ ಒಂದು ಬಾಳೆಹಣ್ಣು ಕೊಡಿ, ಸಾಕು.

ಮಾತ್ರೆಗೆ ವಾಸಿ ಆಗಲ್ಲ. ಡೊನೆಪೆಝಿಲ್‌ ಅನ್ನೋ ಮಾತ್ರೆಯಿಂದ ಕೆಲವರು ಸ್ವಲ್ಪ ಕಾಲ ಗೆಲುವಾಗಿರುತ್ತಾರೆ, ಅಷ್ಟೇ. ವಾಕರಿಕೆ, ಭೇದಿ ಆಗಬಹುದು, ನಾಡಿಬಡಿತ ನಿಧಾನ ಆಗಬಹುದು, ಹಾರ್ಟ್ ತೊಂದರೆ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ. ವಿಟಮಿನ್ ಬಿ12, ಥೈರಾಯ್ಡ್ ಟೆಸ್ಟ್ ಆಗಿದೆಯಾ? ಅವು ಕಮ್ಮಿ ಇದ್ದರೂ ಮರೆವು ಬರುತ್ತದೆ. ಇನ್ನೊಂದು, ಎರಡೇ ದಿನದಲ್ಲಿ ಗಲಿಬಿಲಿ ಜಾಸ್ತಿ ಆಯ್ತು ಅಂದರೆ ಕಾಯಿಲೆ ಮುಂದುವರಿದಿದೆ ಅಂತ ಸುಮ್ನೆ ಕೂರಬೇಡಿ, ಮೂತ್ರದ ಸೋಂಕು ಇದ್ದರೂ ಹಾಗಾಗುತ್ತದೆ, ಅದಕ್ಕೆ ಔಷಧಿ ಇದೆ.

ಚಿಕ್ಕಮಗಳೂರಿನಿಂದ: ಸಂಜೆ ಹೊತ್ತಿನ ಬಗ್ಗೆ ನಾನು ಹೇಳುತ್ತೇನೆ, ನಮ್ಮ ದೊಡ್ಡಪ್ಪನದೂ ಇದೇ ಕಥೆ. ಹೊತ್ತು ಇಳಿದ ಮೇಲೆ ಗಲಿಬಿಲಿ ಹೆಚ್ಚಾಗೋದು ಈ ಕಾಯಿಲೆಯಲ್ಲಿ ತುಂಬಾ ಜನರಿಗೆ ಇದೆ. ಕತ್ತಲಾಗುವ ಮೊದಲೇ ಲೈಟ್ ಹಾಕಿ, ಮಳೆಗಾಲದಲ್ಲಿ ಕರೆಂಟ್ ನಂಬಬೇಡಿ, ಯುಪಿಎಸ್ ಇಟ್ಟುಕೊಳ್ಳಿ. ‘ಇದೇ ನಿಮ್ಮ ಮನೆ’ ಅಂದರೆ ಸಿಟ್ಟು ಬರುತ್ತಿತ್ತು ಅವರಿಗೆ. ಅದಕ್ಕೆ ಜೊತೆಗೇ ಹೊರಟು, ಕಣದವರೆಗೆ ನಡೆದು, ‘ಕಾಫಿ ಕುಡಿದು ಹೋಗೋಣ’ ಅಂತ ವಾಪಸ್ ಕರೆತರುತ್ತಿದ್ದೆವು. ಅವರೆಕಾಯಿ ಬುಟ್ಟಿ ಮುಂದಿಟ್ಟರೆ ಸಲೀಸಾಗಿ ಬಿಡಿಸುತ್ತಾ ಕೂರುತ್ತಿದ್ದರು, ಕೈಗೆ ಅಭ್ಯಾಸ ಆದದ್ದು ಬೇಗ ಹೋಗಲ್ಲ.

ಆದರೆ ನಿಮ್ಮ ಕಡೆ ಆನೆ ಓಡಾಡುತ್ತದೆ, ಗೇಟಿಗೆ ಚಿಲಕ ಹಾಕಿ, ತೆರೆದರೆ ಸದ್ದಾಗೋ ಹಾಗೆ ಒಂದು ಗಂಟೆ ಕಟ್ಟಿಬಿಡಿ. ಅಂಗಿ ಜೇಬಿನ ಒಳಗೆ ಫೋನ್ ನಂಬರ್ ಹೊಲಿಸಿ. ತೋಟದ ಕೆಲಸದವರಿಗೆ, ಬಸ್ ಸ್ಟ್ಯಾಂಡ್ ಅಂಗಡಿಯವರಿಗೆ ಕಾಯಿಲೆ ವಿಷಯ ಹೇಳಿಡಿ, ಮುಚ್ಚಿಡಬೇಡಿ. ರಾತ್ರಿ ನೋಡಿಕೊಳ್ಳೋ ಪಾಳಿ ಮನೆಯವರೆಲ್ಲ ಹಂಚಿಕೊಳ್ಳಿ. ನಿದ್ದೆಗೆಟ್ಟು ನಿಮಗೇ ತಡೆಯೋಕೆ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.