ಪದಚರ್ಚೆ: ‘ಆಕ್ಟಿವಿಟಿ ಕೊಎಫಿಷಿಯೆಂಟ್’ಗೆ ‘ಕ್ರಿಯಾಶೀಲತಾ ಗುಣಾಂಕ’ ಸರಿಯೇ?

ಪ್ರಶ್ನೆ: ಡಿಸ್ಟಿಲರಿ ಸಿಮ್ಯುಲೇಶನ್ (ಬಟ್ಟಿ ಇಳಿಸುವಿಕೆಯ ಕಂಪ್ಯೂಟರ್ ಲೆಕ್ಕ) ಬಗ್ಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ‘ಆಕ್ಟಿವಿಟಿ ಕೊಎಫಿಷಿಯೆಂಟ್’ಗೆ ‘ಕ್ರಿಯಾಶೀಲತಾ ಗುಣಾಂಕ’ ಅಂತ ಹಾಕಿದ್ದೇನೆ. ಆದರೆ ಶಾಲೆಯಲ್ಲಿ ಲೋಹಗಳ ‘ಕ್ರಿಯಾಶೀಲತಾ ಸರಣಿ’ ಓದಿದವರು ಇದನ್ನೂ ರಾಸಾಯನಿಕ ಕ್ರಿಯೆಯ ಚುರುಕು ಎಂದೇ ತಿಳಿದಾರು. ‘ವಿಚಲನ ಗುಣಾಂಕ’ ಆದೀತೇ? ‘ಥರ್ಮೊಡೈನಮಿಕ್ ಮಾಡೆಲ್’ಗೆ ‘ಮಾದರಿ’ ಸಾಕೇ?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ ಸರ್. ಇಲ್ಲಿ ಯಾವ ರಾಸಾಯನಿಕ ಕ್ರಿಯೆಯೂ ಇಲ್ಲ. ದ್ರವದ ಮೇಲೆ ಒಂದು ಘಟಕದ ಆಂಶಿಕ ಒತ್ತಡ (ಆವಿಯಲ್ಲಿ ಅದರ ಪಾಲಿನ ಒತ್ತಡ), ಆದರ್ಶ ದ್ರಾವಣಕ್ಕೆ ರೌಲ್ಟನ ನಿಯಮ ಹೇಳುವುದರ ಎಷ್ಟು ಪಟ್ಟು ಎಂಬುದೇ ಆಕ್ಟಿವಿಟಿ ಕೊಎಫಿಷಿಯೆಂಟ್, ಅದರ ಚಿಹ್ನೆ ಗಾಮಾ (ಒತ್ತಡ ತೀರಾ ಹೆಚ್ಚಿಲ್ಲದಿದ್ದರೆ). ನೀರಿನಲ್ಲಿ ಎಥೆನಾಲ್ ಲವಲೇಶವಿದ್ದಾಗ ಅದರ ಗಾಮಾ 5ರ ಆಸುಪಾಸು; ಶುದ್ಧ ಎಥೆನಾಲ್‌ಗೆ ಹತ್ತಿರವಾದಂತೆ 1. ‘ವಿಚಲನ’ದ ತೊಡಕು ಇಲ್ಲೇ ಇರುವುದು. ವಿಚಲನವೇ ಇಲ್ಲ ಎಂದರೆ ಓದುಗರು ಸೊನ್ನೆ ಅಂದುಕೊಳ್ಳುತ್ತಾರೆ, ಇರುವುದು 1. ಗುಣಿಸಿ ತಿದ್ದುವ ಸಂಖ್ಯೆಯಾದ್ದರಿಂದ ನನ್ನ ಮತ ‘ತಿದ್ದುಗುಣಕ’ಕ್ಕೆ. ಮೊದಲ ಸಲ ಬಳಸುವಾಗ ಜೊತೆಗೆ ಗಾಮಾ ಎಂದೂ ಬರೆಯಿರಿ, ಸಾಫ್ಟ್‌ವೇರಿನಲ್ಲಿ ಹುಡುಕುವವರಿಗೆ ಅನುಕೂಲ.

‘ಮಾದರಿ’ ಬೇಡ. ಲ್ಯಾಬಿನವರಿಗೆ ಅದು ಸ್ಯಾಂಪಲ್. ‘ಮಾಡೆಲ್’ ಅಂತಲೇ ಇರಲಿ.

ಗಾಮಾ ಏಕೆ ಬೇಕು ಎಂಬುದರ ಉದಾಹರಣೆಗೆ ಬೇರೆಲ್ಲೂ ಹೋಗಬೇಕಿಲ್ಲ. ಗಾಮಾ 1 ಎಂದು ಬಿಟ್ಟು, ಟ್ರೇ (ಕಾಲಮ್ಮಿನೊಳಗಿನ ತಟ್ಟೆ) ಸಾಕಷ್ಟು ಕೊಟ್ಟರೆ, ಕಂಪ್ಯೂಟರಿನ ಕಾಲಮ್ ಶೇ. 99.9 ಎಥೆನಾಲ್ ಕೊಡುತ್ತದೆ. ನಿಜದ ಕಾಲಮ್ಮಿನಲ್ಲಿ, ವಾತಾವರಣದ ಒತ್ತಡದಲ್ಲಿ, ತೂಕದ ಲೆಕ್ಕದಲ್ಲಿ ಶೇ. 95.6ರ ಹತ್ತಿರ, ಸುಮಾರು 78.2 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಜಿಯೋಟ್ರೋಪ್ (ಆವಿಯೂ ದ್ರವವೂ ಒಂದೇ ಸಂಯೋಜನೆಯಾಗಿ, ಬಟ್ಟಿ ಇಳಿಸಿ ಬೇರ್ಪಡಿಸಲಾಗದ ಮಿಶ್ರಣ) ಅಡ್ಡ ಬರುತ್ತದೆ. ಅದರಾಚೆಗೆ ನೀರನ್ನು ಹೀರಿಕೊಳ್ಳುವ ಮಾಲಿಕ್ಯುಲರ್ ಸೀವ್‌ನಂಥದ್ದು ಬೇಕು. ಈ ಅಜಿಯೋಟ್ರೋಪನ್ನು ಹಿಡಿಯಲು ವಿಲ್ಸನ್ ಮಾಡೆಲ್ (ಗಾಮಾ ಲೆಕ್ಕ ಹಾಕುವ ಒಂದು ಸಮೀಕರಣ) ಸಾಕು. ಅದನ್ನೇ ಫ್ಯೂಸೆಲ್ ಆಯಿಲ್ (ಹುದುಗಿನಲ್ಲಿ ಹುಟ್ಟುವ ಭಾರದ ಆಲ್ಕೋಹಾಲ್‌ಗಳು) ನೀರಿನಿಂದ ಪದರವಾಗಿ ಬೇರೆಯಾಗುವ ಡಿಕ್ಯಾಂಟರ್‌ಗೂ ಇಟ್ಟರೆ ಕೆಟ್ಟಿತು: ದ್ರವ ಎರಡು ಪದರವಾಗುವುದನ್ನು ವಿಲ್ಸನ್ ಸಮೀಕರಣ ತೋರಿಸಲಾರದು. ಅಲ್ಲಿಗೆ ಎನ್‌ಆರ್‌ಟಿಎಲ್ ಅಥವಾ ಯುನಿಕ್ವಾಕ್ ಎಂಬ ಮಾಡೆಲ್‌ಗಳು. ಅದೂ ದ್ರವ–ದ್ರವ ಸಮತೋಲನದ ಅಳತೆಗಳಿಗೆ ಹೊಂದಿಸಿದ ಪ್ಯಾರಾಮೀಟರ್‌ಗಳೇ ಬೇಕು. ಆವಿ–ದ್ರವದ್ದನ್ನು ಹಾಕಿದರೆ ಪದರಗಳ ಸಂಯೋಜನೆ ಎಡವಟ್ಟಾಗುತ್ತದೆ.

ಇನ್ನೊಂದು ಮಾತು ದಪ್ಪಕ್ಷರದಲ್ಲಿರಲಿ. ಐಸೊಅಮೈಲ್ ಆಲ್ಕೋಹಾಲ್ (ಫ್ಯೂಸೆಲ್ ಆಯಿಲ್‌ನ ಮುಖ್ಯ ಘಟಕ)–ನೀರು ಜೋಡಿಯ ಜಾಗ ಪ್ಯಾರಾಮೀಟರ್ ಪಟ್ಟಿಯಲ್ಲಿ ಖಾಲಿಯಿದ್ದು ಸೊನ್ನೆಯೆಂದೇ ಲೆಕ್ಕಕ್ಕೆ ಹೋದರೆ, ಎನ್‌ಆರ್‌ಟಿಎಲ್ ಆ ಜೋಡಿಯನ್ನು ಆದರ್ಶ ದ್ರಾವಣವೆಂದೇ (ಗಾಮಾ 1) ಎಣಿಸುತ್ತದೆ. ಲೆಕ್ಕ ಸರಾಗವಾಗಿ ಮುಗಿಯುತ್ತದೆ, ಡಿಕ್ಯಾಂಟರಿನಲ್ಲಿ ಪದರ ಮಾತ್ರ ಕಾಣುವುದಿಲ್ಲ.