ಇಕ್ಯೂ ನಾಬ್ ಯಾವಾಗ, ಎಷ್ಟು ತಿರುಗಿಸ್ತೀರಿ?

ಎರಡು ತಿಂಗಳಿಂದ ಮನೆಯಲ್ಲೇ ಚಿಕ್ಕ ಕಂಟ್ರೋಲರ್ ಇಟ್ಟುಕೊಂಡು ಡಿಜೆ ಕಲಿಯುತ್ತಿದ್ದೇನೆ. ಬೀಟ್ ಸರಿಯಾಗಿ ಕೂರುತ್ತದೆ. ಆದರೆ ಎರಡು ಹಾಡು ಸೇರಿದ ಕೂಡಲೇ ಎಲ್ಲಾ ಕಲಸುಮೇಲೋಗರ. ಇಕ್ಯೂನ, ಅಂದರೆ ಸದ್ದಿನ ತೆಳು, ನಡು, ದಪ್ಪ ಭಾಗಗಳನ್ನು ಬೇರೆಬೇರೆಯಾಗಿ ಏರಿಳಿಸುವ ಹೈ, ಮಿಡ್, ಲೋ ನಾಬ್‌ಗಳನ್ನು ನೀವೆಲ್ಲ ಹೇಗೆ ಬಳಸ್ತೀರಿ? ಸ್ವಲ್ಪ ಹೇಳಿ ಅಣ್ಣಂದಿರೇ.

*

ತಮ್ಮಾ, ಮೊದಲು ಲೋ ಒಂದನ್ನೇ ಕಲಿ. ಒಂದು ಹೊತ್ತಿಗೆ ಒಂದೇ ಹಾಡಿನ ಬೇಸ್ ಕೇಳಬೇಕು, ಅಷ್ಟೇ. ಎರಡು ಹಾಡಿನ ಕಿಕ್ (ಡ್ರಮ್ಮಿನ ದಪ್ಪ ಧಂ ಸದ್ದು) ಒಟ್ಟಿಗೆ ಬಿದ್ದರೆ ಮೀಟರ್ ಕೆಂಪಿಗೆ ಹೋಗುತ್ತದೆ. ಬೀಟ್ ಚೂರು ಆಚೀಚೆ ಆದರೆ ಇನ್ನೊಂದು ಕಾಟ: ಒಂದರ ಬೇಸನ್ನು ಇನ್ನೊಂದು ತಿಂದು ಸದ್ದು ಸಪ್ಪೆಯಾಗುತ್ತದೆ.

ನನಗೆ ಇದು ತಲೆಗೆ ಹೋಗಿದ್ದು ದಾವಣಗೆರೆಯ ಒಂದು ರಿಸೆಪ್ಷನ್‌ನಲ್ಲಿ. ಮನೆಯ ಸ್ಪೀಕರ್‌ನಲ್ಲಿ ಚೆನ್ನಾಗೇ ಕೇಳಿದ್ದ ಮಿಕ್ಸು ಅಲ್ಲಿನ ದೊಡ್ಡ ಸಬ್‌ಗಳಲ್ಲಿ (ಬೇಸ್ ಸ್ಪೀಕರ್) ಬರೀ ಗುಂಯ್ ಅಂದಿತು. ಸೌಂಡ್‌ನವರು ಓಡಿ ಬಂದು "ಬಾಸ್, ಸಬ್ ಹೋಗುತ್ತೆ, ಇಳಿಸಿ" ಅಂದರು. ಮದುಮಗನೂ ತಿರುಗಿ ನೋಡಿದ!

ಈಗ ನಾನು ಮಾಡೋದು ಹೀಗೆ. ಬರುವ ಹಾಡಿನ ಲೋ ಪೂರ್ತಿ ಎಡಕ್ಕೆ ತಿರುಗಿಸಿಟ್ಟೇ ಫೇಡರ್ (ಆ ಹಾಡಿನ ಸದ್ದಿನ ಜಾರುಗುಂಡಿ) ಏರಿಸುತ್ತೇನೆ. ಮೊದಲು ತಾಳದ ಚಿಕ್‌ಚಿಕ್ ಮಾತ್ರ ಒಳಗೆ ಬರುತ್ತದೆ. 32 ಬೀಟ್ ಎಣಿಸಿ, ಮುಂದಿನ ಒಂದನೇ ಬೀಟಿಗೆ ಸರಿಯಾಗಿ ಹಳೇದರ ಲೋ ಇಳಿಸಿ, ಅದೇ ಕ್ಷಣ ಇನ್ನೊಂದು ಕೈಯಲ್ಲಿ ಹೊಸದರ ಲೋ 12 ಗಂಟೆಗೆ, ಅಂದರೆ ನಾಬ್ ನೆಟ್ಟಗಿರುವ ನಡುಜಾಗಕ್ಕೆ, ತರುತ್ತೇನೆ. 128 ಬಿಪಿಎಂ (ನಿಮಿಷಕ್ಕೆ 128 ಬೀಟ್) ಹಾಡಿನಲ್ಲಿ 32 ಬೀಟ್ ಅಂದರೆ 15 ಸೆಕೆಂಡ್. ಬೇಕಾದಷ್ಟು ಹೊತ್ತಿದೆ, ಗಾಬರಿ ಬೇಡ.

12 ಗಂಟೆ ದಾಟಿಸಿ ಬಲಕ್ಕೆ ಮಾತ್ರ ಒಯ್ಯಬೇಡ. ಪಯೋನಿಯರ್ ಡಿಜೆಎಂ-900 ಮಿಕ್ಸರ್‌ನಲ್ಲಿ ಮಾಮೂಲಿ ಇಕ್ಯೂ ಎಡಕ್ಕೆ 26 ಡೆಸಿಬಲ್ ಇಳಿಯುತ್ತದೆ, ಬಲಕ್ಕೆ ಏರೋದು ಬರೀ 6. ನಾಬ್ ಇರೋದೇ ತೆಗೆಯೋಕೆ ಅಂತ ಅಲ್ಲೇ ಗೊತ್ತಾಗುತ್ತಲ್ವಾ? ಹಾಡು ಸಣ್ಣಗೆ ಕೇಳಿಸಿದರೆ ಟ್ರಿಮ್ (ಇಡೀ ಹಾಡಿನ ಸದ್ದಿನ ನಾಬ್) ಏರಿಸು.

*

ಮೇಲಿನವರು ಹೇಳಿದ್ದು ಹೌಸ್, ಟೆಕ್ನೋದಂಥ ಡಾನ್ಸ್ ಮ್ಯೂಸಿಕ್‌ಗೆ ಸರಿ. ನಮ್ಮ ಸಿನಿಮಾ ಹಾಡಿನಲ್ಲಿ ಕಾಟ ಕೊಡೋದು ಮಿಡ್. ಹಾಡುವವರ ದನಿ ಇರೋದೇ ಅಲ್ಲಿ. ಇಬ್ಬರು ಒಟ್ಟಿಗೆ ಹಾಡಿದರೆ ಸಂತೆ. ಶುರುವಿನಲ್ಲಿ 32 ಬೀಟ್ ಬರೀ ಡ್ರಮ್ ಸಿಗೋದೂ ಅಪರೂಪ. ಅದಕ್ಕೇ ನಾನು ಪಲ್ಲವಿ ಮುಗಿದು ಚರಣ ಬರುವ ಮುಂಚಿನ ಮ್ಯೂಸಿಕ್‌ನಲ್ಲೇ ಹೊಸದನ್ನು ಒಳಗೆ ಬಿಡುತ್ತೇನೆ. ಹೊಸ ದನಿ ಶುರುವಾಗುವ ಹೊತ್ತಿಗೆ ಹಳೇದರ ಮಿಡ್ 9 ಗಂಟೆಗೆ. ಪೂರ್ತಿ ಕತ್ತರಿಸಬೇಡಿ, ಹಾಡು ಪಕ್ಕದ ಮನೆಯಿಂದ ಬಂದ ಹಾಗೆ ಕೇಳುತ್ತದೆ. ತಮಟೆ ಹಾಡಾದರೆ ಹೈ ಕೂಡ ಸ್ವಲ್ಪ ಇಳಿಸಿ, ಇಲ್ಲದಿದ್ದರೆ ಕಿವಿ ಚುಚ್ಚುತ್ತದೆ.

*

ಒಂದೇ ಮಾತು. ಹಾಡು ಹೊರಗೆ ಹೋದ ಕೂಡಲೇ ಆ ಚಾನೆಲ್‌ನ ಮೂರೂ ನಾಬ್ 12ಕ್ಕೆ ತಂದಿಡಿ. ಕಾಲೇಜು ಫೆಸ್ಟ್‌ನಲ್ಲಿ ಲೋ ಇಳಿಸಿದ್ದನ್ನೇ ಮರೆತಿದ್ದೆ. ಎಲ್ಲರೂ ಕೈ ಮೇಲೆತ್ತಿ ಡ್ರಾಪ್‌ಗೆ (ಬೇಸ್ ಧಂ ಅಂತ ಬೀಳುವ ಜಾಗ) ಕಾಯ್ತಿದ್ದಾರೆ, ಸ್ಪೀಕರ್‌ನಲ್ಲಿ ಬಂದಿದ್ದು ಟಿಕ್ ಟಿಕ್ ಟಿಕ್.